ಸಮುರಾಯ್ ವಾರಿಯರ್: ಕತ್ತಿ ಒರೆಯಲ್ಲಿರುವಾಗಲೂ ನಡೆಯುವ ಆಟ

ಕಾದಾಟದ ಕಂಪ್ಯೂಟರ್ ಆಟಗಳಲ್ಲಿ ಎದುರಿಗೆ ಬಂದವರನ್ನೆಲ್ಲ ಹೊಡೆಯುವುದೇ ಕೆಲಸ. 1988ರಲ್ಲಿ ಫೈರ್‌ಬರ್ಡ್ ಸಂಸ್ಥೆ ಹೊರತಂದ 'ಸಮುರಾಯ್ ವಾರಿಯರ್: ದ ಬ್ಯಾಟಲ್ಸ್ ಆಫ್ ಉಸಾಗಿ ಯೋಜಿಂಬೊ' ಮಾತ್ರ ಯಾರನ್ನು ಹೊಡೆಯಬೇಕು, ಯಾರಿಗೆ ತಲೆಬಾಗಬೇಕು ಎಂಬ ವಿವೇಚನೆಯನ್ನು ಆಡುವವರಿಂದ ಬೇಡುತ್ತದೆ. ಅದಕ್ಕಾಗಿಯೇ ಇಷ್ಟು ವರ್ಷಗಳ ಮೇಲೂ ನಾನು ಇದನ್ನು ಮತ್ತೆ ಮತ್ತೆ ಆಡುತ್ತೇನೆ.

ನಾಯಕ ಒಂದು ಮೊಲ. ಉದ್ದನೆಯ ಕಿವಿಗಳನ್ನು ಜುಟ್ಟಿನಂತೆ ಮೇಲಕ್ಕೆ ಕಟ್ಟಿಕೊಂಡ ಈ ಉಸಾಗಿ, ಸ್ಟಾನ್ ಸಕಾಯ್ ಅವರ ಚಿತ್ರಕಥೆಗಳಲ್ಲಿ 1984ರಲ್ಲಿ ಮೊದಲು ಕಾಣಿಸಿಕೊಂಡ, ಒಡೆಯನಿಲ್ಲದ ಅಲೆಮಾರಿ ಸಮುರಾಯ್, ಅಂದರೆ ಜಪಾನಿನ ಕತ್ತಿವೀರ. ಸೆರೆಸಿಕ್ಕ ಪಾಂಡಾ ಪ್ರಭು ನೊರಿಯುಕಿಯನ್ನು ಬಿಡಿಸಿ ತರುವುದು ಅವನ ಗುರಿ. ಆಟವನ್ನು ರೂಪಿಸಿದ ಮೆಲ್ಬರ್ನ್‌ನ ಬೀಮ್ ಸಾಫ್ಟ್‌ವೇರ್, 1985ರಲ್ಲಿ 'ದ ವೇ ಆಫ್ ದಿ ಎಕ್ಸ್‌ಪ್ಲೋಡಿಂಗ್ ಫಿಸ್ಟ್' ಎಂಬ ಕರಾಟೆ ಆಟದಿಂದ ಹೆಸರು ಮಾಡಿತ್ತು; ಆ ಪಳಗಿದ ಕೈ ಇಲ್ಲಿನ ಚಲನೆಗಳಲ್ಲೂ ಎದ್ದು ಕಾಣುತ್ತದೆ.

1980ರ ದಶಕದ ಮನೆಬಳಕೆಯ ಕಂಪ್ಯೂಟರ್ ಆದ ಕಮೋಡೋರ್ 64ರ ಜಾಯ್‌ಸ್ಟಿಕ್‌ಗೆ ಇರುವುದು ಒಂದೇ ಗುಂಡಿ. ಈ ಕೊರತೆಯನ್ನೇ ವಿನ್ಯಾಸಕಾರರು ಆಟದ ಜೀವಾಳವಾಗಿಸಿದ್ದಾರೆ. ಕತ್ತಿ ಒರೆಯಲ್ಲಿದ್ದರೆ ಜಾಯ್‌ಸ್ಟಿಕ್‌ನಿಂದ ನಮಸ್ಕರಿಸಬಹುದು, ಜಿಗಿಯಬಹುದು, ಹಣ ಕೊಡಬಹುದು. ಕತ್ತಿ ಹಿರಿದರೆ ಅದೇ ಚಲನೆಗಳು ಹೊಡೆತಗಳಾಗುತ್ತವೆ. ಪರದೆಯ ಅಂಚಿನಿಂದ ಒಬ್ಬ ರೈತ ನಿಧಾನವಾಗಿ ನಡೆದು ಬರುತ್ತಾನೆ. ಉಸಾಗಿಯನ್ನು ನಿಲ್ಲಿಸಿ ಬಾಗಿಸಿದರೆ, ಕೈಲಿದ್ದ ಹಣದಲ್ಲಿ ಒಂದಿಷ್ಟು ಕೊಟ್ಟರೆ, ಕರ್ಮದ ಅಂಕ ಏರುತ್ತದೆ. ಅವಸರಕ್ಕೆ ಬಿದ್ದು ಅವನ ಮೇಲೆ ಕತ್ತಿ ಬೀಸಿದರೆ ಅಂಕ ಕುಸಿಯುತ್ತದೆ, ಕರ್ಮ ಪೂರ್ತಿ ಬರಿದಾದರೆ ಉಸಾಗಿ ತನ್ನ ಕತ್ತಿಯಿಂದಲೇ ಪ್ರಾಣ ಕಳೆದುಕೊಳ್ಳುತ್ತಾನೆ. ಪಾಪಪುಣ್ಯದ ಲೆಕ್ಕವನ್ನು ಇಷ್ಟು ಖಚಿತವಾಗಿ ಆಟದ ನಿಯಮವಾಗಿಸಿದ್ದು ನನಗೆ ಇವತ್ತಿಗೂ ಬೆರಗಿನ ಸಂಗತಿ. ಎದುರಿನಿಂದ ಯಾರಾದರೂ ಬರುವಾಗಲೆಲ್ಲ ಕೈ ಒಂದು ಕ್ಷಣ ತಡೆಯುತ್ತದೆ. ಕಾದಾಟದ ಆಟವೊಂದರಲ್ಲಿ ಈ ಅಳುಕನ್ನು ಹುಟ್ಟಿಸುವುದು ಸುಲಭದ ಮಾತಲ್ಲ.

ಕಾದಾಟವೂ ಚೆನ್ನಾಗಿದೆ. ಗುಂಡಿಯನ್ನು ಸುಮ್ಮನೆ ಬಡಿದರೆ ಉಸಾಗಿ ಬೇಗ ಸೋಲುತ್ತಾನೆ. ಎದುರಾಳಿಯ ಕತ್ತಿ ಏರುವುದನ್ನು ಕಾದು, ತಡೆದು, ಆಮೇಲೆ ಬೀಸಿದವನಿಗೇ ಗೆಲುವು. ಗಾಯಗೊಂಡರೆ ಆಹಾರ ಕೊಂಡು ತಿಂದು ಚೇತರಿಸಿಕೊಳ್ಳಬಹುದು, ಆದ್ದರಿಂದ ದಾನ ಕೊಟ್ಟ ಪ್ರತಿ ನಾಣ್ಯಕ್ಕೂ ನಿಜವಾದ ಬೆಲೆಯಿದೆ.

ಕೊರತೆಗಳೂ ಇವೆ. ಹಿನ್ನೆಲೆಯ ದೃಶ್ಯಗಳು ಬಹುಬೇಗ ಪರಿಚಿತವಾಗಿಬಿಡುತ್ತವೆ, ಒಂದೇ ಬಗೆಯ ಎದುರಾಳಿಗಳು ಪದೇ ಪದೇ ಬರುತ್ತಾರೆ. ಎಲ್ಲಕ್ಕಿಂತ ಬೇಸರ ತರಿಸುವುದೆಂದರೆ, ಬಹುದೂರ ಸಾಗಿದ ಮೇಲೆ ಸತ್ತರೂ ಮೊದಲಿನಿಂದಲೇ ಹೊರಡಬೇಕು. ಕ್ಯಾಸೆಟ್‌ನಿಂದ ಲೋಡ್ ಆಗುವ ತನಕ ಕಾಯುವ ತಾಳ್ಮೆಯೂ ಬೇಕು.

ಆಟ ಆ ಕಾಲದ ಇತರ ಕಂಪ್ಯೂಟರ್‌ಗಳಾದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಮತ್ತು ಆಮ್‌ಸ್ಟ್ರಾಡ್ ಸಿಪಿಸಿಗಳಿಗೂ ಬಂದಿತ್ತು. ಹೊಸದಾಗಿ ಆಡುವವರು ಕಮೋಡೋರ್ 64 ಆವೃತ್ತಿಯನ್ನೇ ಆರಿಸಿಕೊಳ್ಳಲಿ. ಹಳೆಯ ಯಂತ್ರವನ್ನು ಇಂದಿನ ಕಂಪ್ಯೂಟರಿನಲ್ಲಿ ಅನುಕರಿಸುವ ಎಮ್ಯುಲೇಟರ್‌ನಲ್ಲಿ ಆಡುವುದಾದರೂ ಕೀಲಿಮಣೆಯನ್ನು ಬದಿಗಿಟ್ಟು ಜಾಯ್‌ಸ್ಟಿಕ್ ಹಿಡಿಯುವುದು ಮೇಲು, ಏಕೆಂದರೆ ನಮಸ್ಕಾರಕ್ಕೂ ಹೊಡೆತಕ್ಕೂ ಇರುವ ಅಂತರ ಮಣಿಕಟ್ಟಿನ ಸಣ್ಣದೊಂದು ತಿರುವು ಮಾತ್ರ.