ಮ್ಯಾಕುಲಾ ಊತ ಅಳೆಯಲು ಸಿರಸ್ಸೋ, ಸ್ಪೆಕ್ಟ್ರಾಲಿಸ್ಸೋ?

ಸಿರಸ್, ಸ್ಪೆಕ್ಟ್ರಾಲಿಸ್ ಎರಡೂ ಕಣ್ಣಿನ ಹಿಂದಿನ ಪರದೆಯನ್ನು (ರೆಟಿನಾ) ಪದರ ಪದರವಾಗಿ ಸ್ಕ್ಯಾನ್ ಮಾಡಿ ದಪ್ಪ ಅಳೆಯುವ ಓಸಿಟಿ ಯಂತ್ರಗಳು. ಮ್ಯಾಕುಲಾ ಎಂದರೆ ಆ ಪರದೆಯ ನಡುಭಾಗ. ಸಕ್ಕರೆ ಕಾಯಿಲೆಯ ಮ್ಯಾಕುಲಾ ಊತಕ್ಕೆ ತಿಂಗಳು ತಿಂಗಳೂ ಇಂಜೆಕ್ಷನ್ ಕೊಡುವ ಕ್ಲಿನಿಕ್ಕಿಗೆ ನನ್ನ ಆಯ್ಕೆ ಸ್ಪೆಕ್ಟ್ರಾಲಿಸ್ಸೇ. ಹೋದ ಸಲ ಸ್ಕ್ಯಾನ್ ಗೆರೆ ಬಿದ್ದ ಜಾಗದಲ್ಲೇ ಈ ಸಲವೂ ಬೀಳುತ್ತದೆ. ಫಾಲೋ-ಅಪ್ ಮೋಡ್ ಒತ್ತಿದರೆ ರಕ್ತನಾಳಗಳ ಗುರುತು ಹಿಡಿದು ಯಂತ್ರವೇ ಹಳೇ ಜಾಗ ಹುಡುಕಿಕೊಳ್ಳುತ್ತದೆ. ಮ್ಯಾಕುಲಾದ ನಟ್ಟನಡುವಿನ ಫೋವಿಯಾದ 1 ಮಿಮೀ ವೃತ್ತದ ದಪ್ಪ 340 ಮೈಕ್ರಾನ್‌ನಿಂದ 318ಕ್ಕೆ ಇಳಿದರೆ ಊತ ನಿಜಕ್ಕೂ ಇಳಿದಿದೆ ಎಂದು ಧೈರ್ಯವಾಗಿ ಹೇಳಬಹುದು.

ಆದರೆ ಈ ಮೋಡ್ ಕೈಕೊಡುವುದು ನೋಂದಣಿ ಕೌಂಟರಿನಲ್ಲಿ. ನಮ್ಮ ಕಡೆಯ ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಟೈಪ್ ಮಾಡುತ್ತಾರೆ. ಲಕ್ಷ್ಮಮ್ಮ ಎಂಬುದಕ್ಕೇ ನಾಲ್ಕು ಸ್ಪೆಲ್ಲಿಂಗ್. ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಜನವರಿ 1 ಹಾಕುತ್ತಾರೆ, ವರ್ಷ ಮಾತ್ರ ಸಲಸಲಕ್ಕೂ ಬೇರೆ. ಹೀಗೆ ಅದೇ ಅಜ್ಜಿ ಹೊಸ ರೋಗಿಯಾಗಿಬಿಡುತ್ತಾರೆ, ಹಳೇ ಸ್ಕ್ಯಾನ್ ಕಾಣುವುದಿಲ್ಲ, ಫಾಲೋ-ಅಪ್ ಸಿಗುವುದಿಲ್ಲ. ಹೆಸರಿನಿಂದ ಹುಡುಕಲೇಬೇಡಿ, ಎಂಆರ್‌ಡಿ ನಂಬರಿನಿಂದ (ಆಸ್ಪತ್ರೆಯ ದಾಖಲೆ ಸಂಖ್ಯೆ) ಹುಡುಕಿ.

ಮೊದಲ ಸ್ಕ್ಯಾನಿನ ತಪ್ಪೂ ಹಾಗೇ ಮುಂದುವರಿಯುತ್ತದೆ. ಊತ ಜಾಸ್ತಿಯಿದ್ದವರು ಯಂತ್ರದೊಳಗಿನ ದೀಪವನ್ನು ನೆಟ್ಟಗೆ ನೋಡಲಾರರು, ಅಳತೆಯ ವೃತ್ತ ಫೋವಿಯಾ ಬಿಟ್ಟು ಪಕ್ಕಕ್ಕೆ ಕೂರುತ್ತದೆ. ಥಿಕ್‌ನೆಸ್ ಮ್ಯಾಪಿನಲ್ಲಿ ವೃತ್ತವನ್ನು ಕೈಯಾರೆ ಎಳೆದು ಫೋವಿಯಾದ ಮೇಲೆ ಕೂರಿಸಿ, ಆಮೇಲೆ ಅದನ್ನು ಮುಂದಿನ ಹೋಲಿಕೆಗೆಲ್ಲ ಆಧಾರವಾಗುವ ಬೇಸ್‌ಲೈನ್ ಮಾಡಿ. ಗೆರೆಗಳ ಸಂಖ್ಯೆಯೂ ಆ ದಿನವೇ ತೀರ್ಮಾನ. 25 ಗೆರೆಯಾದರೆ ನಡುವಿನ ಅಂತರ ಸುಮಾರು 240 ಮೈಕ್ರಾನ್, ಸಣ್ಣ ಸಿಸ್ಟ್ (ನೀರು ತುಂಬಿದ ಗುಳ್ಳೆ) ಸಂದಿಯಲ್ಲಿ ತಪ್ಪಿಸಿಕೊಳ್ಳುತ್ತದೆ. 49 ಇಡಿ.

ಈ ವಿಷಯದಲ್ಲಿ ಸಿರಸ್ಸೇ ಮೇಲು. 6 ಮಿಮೀ ಚೌಕದಲ್ಲಿ 128 ಗೆರೆ, ಸಂದಿ 50 ಮೈಕ್ರಾನ್‌ಗಿಂತ ಕಡಿಮೆ, ಸ್ಕ್ಯಾನೂ ಬೇಗ ಮುಗಿಯುತ್ತದೆ. ಸಿಗ್ನಲ್ (ಚಿತ್ರದ ಗುಣಮಟ್ಟದ ಅಂಕ) 10ಕ್ಕೆ 6ಕ್ಕಿಂತ ಕೆಳಗಿದ್ದರೆ ಅಂಕಿ ನಂಬಬೇಡಿ.

ರಕ್ತನಾಳ ಸೋರಿ ಕೂತ ಕೊಬ್ಬಿನ ಕಲೆ, ಅಂದರೆ ಗಟ್ಟಿ ಎಕ್ಸುಡೇಟ್‌ನ ನೆರಳು ಎರಡನ್ನೂ ದಾರಿ ತಪ್ಪಿಸುತ್ತದೆ. ದಪ್ಪ ಅಳೆಯಲು ಯಂತ್ರ ಪದರದ ಮೇಲೆ ಎಳೆದ ಕೆಳಗಿನ ಗೆರೆ ಪದರ ಬಿಟ್ಟು ಜಿಗಿದಿದೆಯೇ ಎಂದು ಒಂದೊಂದೇ ಸ್ಲೈಸ್ ತೆರೆದು ನೋಡಿ, ತಿದ್ದಿ. ಕಣ್ಣಿನ ಒತ್ತಡ ನೋಡುವ ಮೊದಲೇ ಸ್ಕ್ಯಾನ್ ಮುಗಿಸಿ. ಡ್ರಾಪ್ಸ್ ಹಾಕಿ ಕಾರ್ನಿಯಾ ಮುಟ್ಟಿದ ಮೇಲೆ ಚಿತ್ರ ಮಸುಕಾಗುತ್ತದೆ.

ಎರಡು ಯಂತ್ರಗಳ ಅಂಕಿ ಬೆರೆಸುವಂತಿಲ್ಲ. ಸಿರಸ್ ರೆಟಿನಾದ ತಳದ ಬಣ್ಣದ ಪದರವಾದ ಆರ್‌ಪಿಇವರೆಗೆ ಅಳೆದರೆ ಸ್ಪೆಕ್ಟ್ರಾಲಿಸ್ ಅದರ ಕೆಳಗಿನ ಬ್ರೂಕ್ಸ್ ಮೆಂಬ್ರೇನ್‌ವರೆಗೆ ಅಳೆಯುತ್ತದೆ. ಡಿಆರ್‌ಸಿಆರ್ (ಅಮೆರಿಕದ ಡಯಾಬಿಟಿಕ್ ರೆಟಿನಾ ಸಂಶೋಧನಾ ಜಾಲ) ಅಧ್ಯಯನಗಳಲ್ಲಿ ಊತದ ಗಡಿ ಸಿರಸ್‌ಗೆ ಹೆಂಗಸರಲ್ಲಿ 290 ಮೈಕ್ರಾನ್, ಗಂಡಸರಲ್ಲಿ 305. ಸ್ಪೆಕ್ಟ್ರಾಲಿಸ್‌ಗೆ 305 ಮತ್ತು 320.

ಗ್ಲಾಕೋಮಾ ರೋಗಿಗಳೇ ಹೆಚ್ಚು, ಇಂಜೆಕ್ಷನ್ ಅಪರೂಪ ಎನ್ನುವ ಕಡೆ ಸ್ಪೆಕ್ಟ್ರಾಲಿಸ್‌ಗೆ ಹೆಚ್ಚಿನ ದುಡ್ಡು ಸುರಿಯಬೇಕಿಲ್ಲ, ಸಿರಸ್ ಸಾಕು. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವವರು ಹಳೇ ಯಂತ್ರ ಕಳಿಸುವ ಮುಂಚೆ, ಇಂಜೆಕ್ಷನ್ ನಡೆಯುತ್ತಿರುವ ಪ್ರತಿ ರೋಗಿಗೂ ಒಂದೇ ದಿನ ಎರಡರಲ್ಲೂ ಸ್ಕ್ಯಾನ್ ತೆಗೆದು ಫೈಲಿನಲ್ಲಿ ಎರಡೂ ಅಂಕಿ ಬರೆದಿಡಿ.