ಬೇವಿನ ಮರದ ಜ್ಯೂಸ್ ಅಂಗಡಿ, ಬಳ್ಳಾರಿ: ಬೆಲೆಯ ಪಕ್ಕದಲ್ಲಿ ಚಮಚದ ಲೆಕ್ಕ

ಈ ಅಂಗಡಿಗೆ ಹೆಸರಿಲ್ಲ. ಕೌಲ್ ಬಜಾರ್ ಕಡೆಗೆ ಹೋಗುವ ದಾರಿಯಲ್ಲಿ ಒಂದು ದೊಡ್ಡ ಬೇವಿನ ಮರ, ಅದರ ಕೆಳಗೆ ತಗಡಿನ ಶೆಡ್ಡು, ನಾಲ್ಕು ಸ್ಟೂಲು, ಎರಡು ಮಿಕ್ಸಿ. ನಾವೆಲ್ಲ ಬೇವಿನ ಮರದ ಜ್ಯೂಸ್ ಅಂತಲೇ ಕರೆಯುವುದು. ನಾನು ಹತ್ತಿರದ ಜೀನ್ಸ್ ಯೂನಿಟ್ಟಿನಲ್ಲಿ ಚೆಕಿಂಗ್ ನೋಡಿಕೊಳ್ಳುತ್ತೇನೆ. ಹೊಲಿಗೆ, ಗುಂಡಿ, ಜಿಪ್ ನೋಡಿ ಪೀಸ್ ಪಾಸ್ ಮಾಡುವ ಕೆಲಸ. ಬಳ್ಳಾರಿಯ ಬೇಸಿಗೆ ಗೊತ್ತಲ್ವಾ, 40 ಡಿಗ್ರಿ ದಾಟಿದ ಮೇಲೆ ಶೀಟಿನ ಚಾವಣಿ ಕೆಳಗೆ ನಿಂತವರಿಗೆ ಮೈಯೆಲ್ಲ ಒಣಗಿ ಹೋಗುತ್ತದೆ. ನಾಲ್ಕು ಗಂಟೆಗೆ ಹದಿನೈದು ನಿಮಿಷ ಬಿಡುವು. ಆರು ವರ್ಷದಿಂದ ಆ ಹದಿನೈದು ನಿಮಿಷ ಈ ಮರದ ಕೆಳಗೇ ಕಳೆಯುತ್ತಿದ್ದೇನೆ.

ರುಚಿ ಮೊದಲು ಹೇಳಿಬಿಡುತ್ತೇನೆ. ಮೋಸಂಬಿ ಜ್ಯೂಸ್ ಚೆನ್ನಾಗಿರುತ್ತದೆ, ನಮ್ಮ ಕಣ್ಣೆದುರೇ ಹಿಂಡುತ್ತಾರೆ, ಬೀಜ ಅರೆದು ಕಹಿ ಮಾಡುವುದಿಲ್ಲ. 50 ರೂಪಾಯಿ. ಚಿಕ್ಕು ಮಿಲ್ಕ್‌ಶೇಕ್ 60, ಗಟ್ಟಿಯಾಗಿರುತ್ತದೆ. ನಿಂಬೆ ಸೋಡಾ 20. ಮಜ್ಜಿಗೆ 15, ಅದಕ್ಕೆ ಜಜ್ಜಿದ ಶುಂಠಿ, ಕರಿಬೇವು, ಕೊತ್ತಂಬರಿ. ಲೋಟ ತೊಳೆಯುವ ನೀರನ್ನು ಆಗಾಗ ಬದಲಾಯಿಸುತ್ತಾರೆ, ಇದನ್ನು ನಾನು ನಿಂತು ನೋಡಿದ್ದೇನೆ. ಐಸ್ ಸ್ವಲ್ಪ ಜಾಸ್ತಿ ಹಾಕುತ್ತಾರೆ, ಬೇಡ ಅಂದರೆ ಹಾಕುವುದಿಲ್ಲ.

ಆದರೆ ನಾನು ಬರೆಯಲು ಕೂತಿದ್ದು ರುಚಿಗಾಗಿ ಅಲ್ಲ, ಅಲ್ಲಿನ ಬೋರ್ಡಿಗಾಗಿ.

ಕಳೆದ ವರ್ಷ ರಕ್ತ ಪರೀಕ್ಷೆ ಮಾಡಿಸಿದಾಗ ನನ್ನ ಮೂರು ತಿಂಗಳ ಶುಗರ್ ಲೆಕ್ಕ 6.1 ಬಂತು. 5.7ರಿಂದ 6.4ರವರೆಗೆ ಇದ್ದರೆ ಶುಗರ್ ಬಾಗಿಲಲ್ಲಿ ನಿಂತಿದೆ ಅಂತ ಅರ್ಥ, 6.5 ಆದರೆ ಒಳಗೆ ಬಂತು. ಸಿಹಿ ಕಡಿಮೆ ಮಾಡಮ್ಮ ಅಂದರು ಡಾಕ್ಟರು. ಟೀಗೆ ಸಕ್ಕರೆ ಬಿಟ್ಟೆ, ಜಿಲೇಬಿ ಬಿಟ್ಟೆ, ಹಬ್ಬದ ಹೋಳಿಗೆಯನ್ನೂ ಅರ್ಧಕ್ಕೆ ನಿಲ್ಲಿಸಿದೆ. ಜ್ಯೂಸ್ ಮಾತ್ರ ಬಿಡಲಿಲ್ಲ. ಹಣ್ಣಿನದು, ಒಳ್ಳೆಯದೇ ಅಂದುಕೊಂಡಿದ್ದೆ. ಯಾರೂ ಅಲ್ಲ ಅನ್ನಲೂ ಇಲ್ಲ.

ಈ ವರ್ಷ ಫೆಬ್ರುವರಿಯಲ್ಲಿ ಅಂಗಡಿಯವರ ಮಗಳು ಬೋರ್ಡ್ ಹೊಸದಾಗಿ ಬರೆದಳು. ಕಾಲೇಜಿನಲ್ಲಿ ಹೋಮ್ ಸೈನ್ಸ್ ಓದುತ್ತಾಳೆ, ಸಂಜೆ ಅಪ್ಪನಿಗೆ ಕೈಜೋಡಿಸುತ್ತಾಳೆ. ಕರಿ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬೆಲೆ, ಪಕ್ಕದಲ್ಲಿ ಕ್ಯಾಲೊರಿ. ಮಜ್ಜಿಗೆ 40. ಮೋಸಂಬಿ 130. ಚಿಕ್ಕು ಶೇಕ್ 320. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಅವಳಿಗೆ ಇದನ್ನು ಮಾಡು ಅಂತ ಯಾರೂ ಹೇಳಿರಲಿಲ್ಲ. ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಇದೆ, 2020ರಲ್ಲಿ ಬಂದು 2022ರಲ್ಲಿ ಜಾರಿಯಾದದ್ದು. ಆದರೆ ಅದು ಕೇಂದ್ರದ ಲೈಸೆನ್ಸ್ ಇರುವವರಿಗೆ ಮತ್ತು ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆ ಶಾಖೆ ಇರುವವರಿಗೆ. ಮರದ ಕೆಳಗಿನ ಒಂದು ಶೆಡ್ಡಿಗೆ ಅದು ಅನ್ವಯಿಸುವುದಿಲ್ಲ.

ಮೊದಲ ಎರಡು ವಾರ ಬೋರ್ಡಿನಿಂದ ಏನೂ ಆಗಲಿಲ್ಲ. ಎಲ್ಲರೂ ಓದಿದರು, ಎಲ್ಲರೂ ಮೊದಲಿನದನ್ನೇ ಕುಡಿದರು. ನಮ್ಮ ಸೆಕ್ಷನ್ನಿನ ಒಬ್ಬ ಹುಡುಗಿ ಕೇಳಿದಳು: "ಅಕ್ಕಾ, ಕ್ಯಾಲೊರಿ ಅಂದ್ರೆ ಶಕ್ತಿ ಅಲ್ಲೇನು? 60 ರೂಪಾಯಿಗೆ 320 ಸಿಗ್ತದಂದ್ರ ಅದನ್ನೇ ತಗೋಬೇಕಲ್ಲ." ಅದುವರೆಗೆ ಮೋಸಂಬಿ ಕುಡಿಯುತ್ತಿದ್ದವಳು ಅಂದಿನಿಂದ ಚಿಕ್ಕು ಶೇಕಿಗೆ ಹೋದಳು. ಬೆಳಗ್ಗೆ ಬರೀ ಟೀ ಕುಡಿದು, ಮಧ್ಯಾಹ್ನ ಒಂದು ಪ್ಲೇಟ್ ಒಗ್ಗರಣೆ ಮಿರ್ಚಿ ತಿಂದು, ಸಂಜೆಯವರೆಗೆ ನಿಂತೇ ಕೆಲಸ ಮಾಡುವ ಹುಡುಗಿ ಅವಳು. ಅವಳ ಲೆಕ್ಕ ತಪ್ಪು ಅನ್ನಲು ನನಗೆ ಬಾಯಿ ಬರಲಿಲ್ಲ. ಹೊಟ್ಟೆ ತುಂಬದವರಿಗೆ ಆ ಅಂಕಿ ಹೇಳುವುದೇ ಬೇರೆ, ನನ್ನಂಥವಳಿಗೆ ಹೇಳುವುದೇ ಬೇರೆ.

ನಮ್ಮ ಮಗನ ಜೊತೆ ಬೆಂಗಳೂರಿಗೆ ಹೋದಾಗ ಒಂದು ದೊಡ್ಡ ಕಾಫಿ ಅಂಗಡಿಯಲ್ಲೂ ಇದನ್ನೇ ಕಂಡೆ. ಬೆಲೆಯ ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಕ್ಯಾಲೊರಿ ಇತ್ತು. ಸಾಲಿನಲ್ಲಿ ನಿಂತವರು ಬೆಲೆ ನೋಡುತ್ತಿದ್ದರು, ಚಿತ್ರ ನೋಡುತ್ತಿದ್ದರು, ಅದನ್ನು ನೋಡುತ್ತಿರಲಿಲ್ಲ. ಮಗನೂ ಮೇಲೆ ಕ್ರೀಮ್ ಇರುವ ಕೋಲ್ಡ್ ಕಾಫಿಯನ್ನೇ ತಗೊಂಡ. ಜ್ಯೂಸ್ ಅಂಗಡಿಯ ಹುಡುಗಿಗೆ ಇದನ್ನು ಹೇಳಿದೆ. ಅವಳು ನ್ಯೂಯಾರ್ಕಿನ ವಿಷಯ ಹೇಳಿದಳು. ಅಲ್ಲಿ 2008ರಲ್ಲೇ ಹಲವು ಶಾಖೆಗಳಿರುವ ಹೋಟೆಲ್‌ಗಳು ಕ್ಯಾಲೊರಿ ಬರೆಯಬೇಕು ಅಂತ ಕಾನೂನು ಬಂತು. ಸ್ಟಾರ್‌ಬಕ್ಸ್‌ನ ಕಾಫಿ ಅಂಗಡಿಗಳ ಬಿಲ್ಲುಗಳನ್ನು ತೆಗೆದು ಲೆಕ್ಕ ಹಾಕಿದವರಿಗೆ ಸಿಕ್ಕಿದ್ದು ಇದು: ಪ್ರತಿ ಬಿಲ್ಲಿಗೆ ಕ್ಯಾಲೊರಿ ಸುಮಾರು ನೂರಕ್ಕೆ ಆರರಷ್ಟು ಇಳಿಯಿತು, ಆದರೆ ಹೆಚ್ಚುಕಡಿಮೆ ಎಲ್ಲವೂ ತಿನ್ನುವ ಪದಾರ್ಥದಲ್ಲಿ. ಕುಡಿಯುವುದರಲ್ಲಿ ಏನೂ ಇಳಿಯಲಿಲ್ಲ ಅನ್ನಬಹುದು. ಕೇಕ್ ಬಿಟ್ಟರು, ಕಾಫಿ ಬಿಡಲಿಲ್ಲ. ನಾನು ಜಿಲೇಬಿ ಬಿಟ್ಟು ಜ್ಯೂಸ್ ಉಳಿಸಿಕೊಂಡ ಹಾಗೆಯೇ.

ಅವಳು ಇನ್ನೊಂದನ್ನೂ ಹೇಳಿದಳು. ಅಮೆರಿಕದ ಬಾಲ್ಟಿಮೋರ್ ಊರಿನ ಬಡವರ ಕೇರಿಗಳ ಚಿಕ್ಕ ಅಂಗಡಿಗಳಲ್ಲಿ, ಹುಡುಗರು ಸಿಹಿ ಪಾನೀಯ ತಗೊಳ್ಳುವ ಜಾಗದಲ್ಲಿ ಬೇರೆ ಬೇರೆ ಬಗೆಯ ಚೀಟಿ ಅಂಟಿಸಿ ನೋಡಿದ್ದರಂತೆ. ಬಾಟಲಿಯಲ್ಲಿ 250 ಕ್ಯಾಲೊರಿ ಇದೆ ಅಂತ ಒಂದು. ಅದನ್ನು ಕರಗಿಸಲು 50 ನಿಮಿಷ ಓಡಬೇಕು ಅಂತ ಇನ್ನೊಂದು. ಹೆಚ್ಚು ನಾಟಿದ್ದು ಓಟದ ಚೀಟಿ. ಇದು 2012ರಲ್ಲಿ ಪ್ರಕಟವಾದ ಅಧ್ಯಯನ. ಆಮೇಲೆ ಮತ್ತೊಮ್ಮೆ ಮಾಡಿದಾಗ ಎಷ್ಟು ಚಮಚ ಸಕ್ಕರೆ ಅಂತಲೂ ಬರೆದು ನೋಡಿದರು.

ಮರುದಿನ ಬೋರ್ಡಿನಲ್ಲಿ ಮೂರನೇ ಸಾಲು ಬಂತು: ನಾವು ಹಾಕುವ ಸಕ್ಕರೆ, ಚಮಚದಲ್ಲಿ. ಆಗ ಶುರುವಾಯಿತು ಮಾತು. ಚಮಚ ಅಂದರೆ ಎಲ್ಲರಿಗೂ ಗೊತ್ತು, ಅಡುಗೆ ಮನೆಯಲ್ಲಿ ದಿನಾ ಕೈಯಲ್ಲಿ ಹಿಡಿಯುವುದು. ಚಿಕ್ಕು ಶೇಕಿಗೆ 3, ಮೋಸಂಬಿಗೆ 2, ಮಜ್ಜಿಗೆಗೆ 0. "ಹಣ್ಣೇ ಸಿಹಿ ಇರ್ತದ, ಮತ್ಯಾಕ ಹಾಕ್ತೀಯಣ್ಣ?" ಅಂತ ಜನ ಕೇಳತೊಡಗಿದರು. ಅಂಗಡಿಯವರೂ ಮಿಕ್ಸಿ ಹಾಕುವ ಮೊದಲು "ಅಕ್ಕಾ, ಸಕ್ಕರೆ ಎಷ್ಟು ಹಾಕ್ಲಿ?" ಅಂತ ಕೇಳಲು ಶುರು ಮಾಡಿದರು. ನನ್ನ ಪ್ರಕಾರ ಇಡೀ ಬೋರ್ಡಿಗಿಂತ ಈ ಒಂದು ಪ್ರಶ್ನೆ ದೊಡ್ಡದು. ಮೊದಲು ಸುಮ್ನೆ ಹಾಕಿಬಿಡುತ್ತಿದ್ದರು, ನಾವೂ ಸುಮ್ನೆ ಕುಡಿದುಬಿಡುತ್ತಿದ್ದೆವು.

ಈಗ ತಕರಾರು. ಪೀಸ್ ಚೆಕ್ ಮಾಡುವವಳ ಕಣ್ಣು, ಒಂದು ದಿನ ಆ ಚಮಚದ ಮೇಲೆ ಬಿತ್ತು. ಅದು ಟೀ ಚಮಚ ಅಲ್ಲ, ಊಟಕ್ಕೆ ಬಡಿಸುವಂಥ ದೊಡ್ಡದು, ಅದೂ ಗೋಪುರದ ಹಾಗೆ ತುಂಬಿ ಹಾಕುತ್ತಾರೆ. ಎರಡು ಚಮಚ ಸಕ್ಕರೆ ಬೇರೆ ಕಾಗದದಲ್ಲಿ ಕಟ್ಟಿಕೊಡಿ ಅಂತ ಕೇಳಿ ಮನೆಗೆ ತಂದೆ. ನಮ್ಮ ಯಜಮಾನರು ಬೆಳ್ಳಿ ತೂಗುವ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ, ಅವರ ತಕ್ಕಡಿಯಲ್ಲಿ ತೂಗಿಸಿದೆ. 30 ಗ್ರಾಂ. ಟೀ ಚಮಚ ಸುಮಾರು 5 ಗ್ರಾಂ. ಅಂದರೆ ಬೋರ್ಡಿನ 2 ಚಮಚ ನಿಜವಾಗಿ ಆರು ಚಮಚ! ಒಂದು ಗ್ರಾಂ ಸಕ್ಕರೆಗೆ 4 ಕ್ಯಾಲೊರಿ, ಹೆಚ್ಚಾಗಿ ಬಿದ್ದ 20 ಗ್ರಾಂಗೆ 80. 130 ಅಂತ ಬರೆದಿದ್ದ ಮೋಸಂಬಿ 210 ಆಯಿತು. ದಿನಕ್ಕೆ 2000 ಕ್ಯಾಲೊರಿ ಬೇಕಾದವರು ಸಕ್ಕರೆಯನ್ನು 50 ಗ್ರಾಂ ಒಳಗೆ ಇಡಬೇಕು, 25ರ ಒಳಗೆ ಇಟ್ಟರೆ ಇನ್ನೂ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜ್ಯೂಸಿನಲ್ಲಿರುವ ಹಣ್ಣಿನ ಸಕ್ಕರೆಯನ್ನೂ ಅದು ಇದೇ ಲೆಕ್ಕಕ್ಕೆ ಸೇರಿಸುತ್ತದೆ. ಆರು ವರ್ಷ, ವಾರಕ್ಕೆ ಆರು ದಿನ ನಾನು ಆ ಲೋಟ ಕುಡಿದಿದ್ದೇನೆ. ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಮರುದಿನ ಕಾಗದ ತೋರಿಸಿ ಹೇಳಿದೆ. ಹುಡುಗಿಯ ಮುಖ ಸಣ್ಣದಾಯಿತು. ಅವಳು ಮನೆಯ ಚಮಚದ ಲೆಕ್ಕ ಹಾಕಿದ್ದಳು, ಅಪ್ಪ ಅಂಗಡಿಯ ಚಮಚದಲ್ಲಿ ಹಾಕುತ್ತಿದ್ದರು. ಮೋಸ ಮಾಡುವ ಮನಸ್ಸು ಇಬ್ಬರಿಗೂ ಇರಲಿಲ್ಲ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಮೂರು ದಿನದಲ್ಲಿ ದೊಡ್ಡ ಚಮಚ ಹೋಯಿತು, ಸ್ಟೀಲಿನ ಟೀ ಚಮಚ ಬಂತು, ಬೋರ್ಡ್ ತಿದ್ದಿದರು. ಈಗ ಮೋಸಂಬಿಗೆ ಎರಡು ಅಂದರೆ ಎರಡೇ. ಕೆಲವರು ಸಪ್ಪೆ ಅಂದರು, ಕೇಳಿ ಇನ್ನೊಂದು ಹಾಕಿಸಿಕೊಂಡರು. ಹಾಕಿಸಿಕೊಳ್ಳಲಿ. ಕೇಳಿ ಹಾಕಿಸಿಕೊಳ್ಳುವುದಕ್ಕೂ ಗೊತ್ತಿಲ್ಲದೆ ಕುಡಿಯುವುದಕ್ಕೂ ಬಹಳ ವ್ಯತ್ಯಾಸ ಇದೆ.

ಇನ್ನೂ ಸರಿಯಾಗಬೇಕಾದ್ದು ಎರಡಿದೆ. ಲೋಟದ ಅಳತೆ ಬೋರ್ಡಿನಲ್ಲಿಲ್ಲ, ದೊಡ್ಡ ಲೋಟ ಕೇಳಿದವರಿಗೂ ಅದೇ ಅಂಕಿ. ಚಿಕ್ಕು ಶೇಕಿನ ಮೇಲೆ ಐಸ್‌ಕ್ರೀಮ್ ಹಾಕಿದರೆ ಅದರ ಲೆಕ್ಕ ಸೇರಿಸಿಲ್ಲ. ಹುಡುಗಿಗೆ ಹೇಳಿದ್ದೇನೆ, ಪರೀಕ್ಷೆ ಮುಗಿಸಿ ಬರೆಯುತ್ತೇನೆ ಅಂದಿದ್ದಾಳೆ.

ನಮ್ಮ ಸೆಕ್ಷನ್ನಿನ ಹನ್ನೊಂದು ಜನರಲ್ಲಿ ಐವರು ಈಗ ಸಕ್ಕರೆ ಇಲ್ಲದೆ ಅಥವಾ ಒಂದು ಚಮಚ ಹಾಕಿಸಿ ಕುಡಿಯುತ್ತಾರೆ. ಚಿಕ್ಕು ಶೇಕಿನ ಹುಡುಗಿ ಶೇಕ್ ಬಿಟ್ಟಿಲ್ಲ, ಅದರಲ್ಲಿ ಸಕ್ಕರೆ ಬಿಟ್ಟಿದ್ದಾಳೆ. ಹಾಲು, ಹಣ್ಣು ಅವಳಿಗೆ ಬೇಕು. ನಾನು ಮಜ್ಜಿಗೆಗೆ ಬಂದಿದ್ದೇನೆ, ಶನಿವಾರ ಮಾತ್ರ ಸಕ್ಕರೆ ಇಲ್ಲದ ಮೋಸಂಬಿ. ಬಿಸಿಲಲ್ಲಿ ಬೆವರು ಸುರಿಸಿ ಬಂದವಳಿಗೆ ಉಪ್ಪು ಬಿದ್ದ ಮಜ್ಜಿಗೆ ಎಷ್ಟು ಹಿತ ಅನ್ನುವುದು ನನಗೆ ಮರೆತೇ ಹೋಗಿತ್ತು.

ಹೋಗುವವರು ನಾಲ್ಕಕ್ಕೆ ಮುಂಚೆ ಹೋಗಿ. ಮೊದಲೆಲ್ಲ ಸಂಜೆ ಆರಕ್ಕೂ ಮಜ್ಜಿಗೆಯ ಸ್ಟೀಲ್ ಡಬ್ಬಿ ಅರ್ಧ ತುಂಬಿರುತ್ತಿತ್ತು, ಈಗ ನಾಲ್ಕೂವರೆಗೆ ತಳ ಕಾಣುತ್ತದೆ. ನಾನಂತೂ ಹುಡುಗಿಗೆ ಹೇಳಿ ದಿನಾ ಒಂದು ಲೋಟ ಎತ್ತಿಡಿಸಿರುತ್ತೇನೆ.