ಡಿಟೆಕ್ಟರ್ ಕೂಗಲಿಲ್ಲ ಅಂತ ಲೈನಿಗೆ ಕೈ ಹಾಕಬೇಡಿ

ಲೈನ್ ಕೆಲಸ ಮಾಡುವ ಹುಡುಗರು ದಯವಿಟ್ಟು ಇದನ್ನು ಪೂರ್ತಿ ಓದಿ. ಗ್ಯಾಂಗಿನಲ್ಲಿ ಕನ್ನಡ ಓದಲು ಬಾರದವರಿದ್ದರೆ ತುಳುವಿನಲ್ಲೋ ಮಲಯಾಳದಲ್ಲೋ ಹೇಳಿ.

ನಾನು ಕಾಸರಗೋಡಿನ ಕಡೆ ಒಬ್ಬ ಕಂಟ್ರಾಕ್ಟರ್ ಕೈಕೆಳಗೆ ಲೈನ್ ಕೆಲಸ ಮಾಡುತ್ತೇನೆ. ಮಳೆಗಾಲಕ್ಕೆ ಮೊದಲು ತುಳುನಾಡಿನಲ್ಲಿ ಆಚರಿಸುವ ಪತ್ತನಾಜೆಗೆ ನಾಲ್ಕು ದಿನ ಇತ್ತು. ಪೆರ್ಲದ ಹತ್ತಿರ ಒಂದು ಅಡಿಕೆ ತೋಟದ ಮೇಲೆ 11 ಕೆವಿ (ತಂತಿಯಿಂದ ತಂತಿಗೆ 11,000 ವೋಲ್ಟ್) ಲೈನಿನ ತಂತಿ ಜೋತುಬಿದ್ದಿತ್ತು. ಗಾಳಿ ಬಂದರೆ ಸೋಗೆಗೆ ತಾಗುವ ಹಾಗಿತ್ತು. ಮಳೆ ಹಿಡಿಯುವ ಮೊದಲು ಅದನ್ನು ಎಳೆದು ಬಿಗಿ ಮಾಡಬೇಕಿತ್ತು.

ಲೈನ್ ಆಫ್ ಮಾಡಲು ಅನುಮತಿ ಸಿಕ್ಕಿತು. ಕಂಬದ ಮೇಲೆ ಮೂರೂ ತಂತಿಯನ್ನು ಒಟ್ಟಿಗೆ ಕಡಿದು ಲೈನ್ ಆಫ್ ಮಾಡುವ ಎಬಿ ಸ್ವಿಚ್ಚಿನ ಹಿಡಿಯನ್ನು ಕೆಳಗೆ ಎಳೆದು ಬೀಗ ಹಾಕಿದೆವು. ತಂತಿಯಲ್ಲಿ ಕರೆಂಟ್ ಇದ್ದರೆ ಕೂಗುವ ಡಿಟೆಕ್ಟರ್ ತೆಗೆದು ಅದರ ಟೆಸ್ಟ್ ಬಟನ್ ಒತ್ತಿದೆ. ಬೀಪ್ ಬೀಪ್ ಅಂತ ಜೋರಾಗಿ ಕೂಗಿತು, ಕೆಂಪು ದೀಪವೂ ಮಿನುಗಿತು. ಕೋಲಿನ ತುದಿಗೆ ಸಿಕ್ಕಿಸಿ ಮೂರೂ ತಂತಿಗೆ ಒಂದೊಂದಾಗಿ ತಾಗಿಸಿದೆ. ಸದ್ದಿಲ್ಲ. "ಆಯ್ತು, ಅರ್ತ್ ಹಾಕು ಮಾರಾಯ" ಅಂತ ನಾನೇ ಹೇಳಿದೆ. ಅರ್ತ್ ಹಾಕುವುದು ಅಂದರೆ ತಂತಿಯನ್ನು ವೈರಿನಿಂದ ನೆಲಕ್ಕೆ ಜೋಡಿಸುವುದು.

ಜೊತೆಗಿದ್ದ ಹುಡುಗ ಬೆಲ್ಟ್ ಕಟ್ಟಿಕೊಂಡು ಕಂಬ ಹತ್ತಿದ. ಅರ್ತ್ ರಾಡಿನ ವೈರನ್ನು ಮೊದಲೇ ಕೆಳಗೆ ನೆಲದ ಗೂಟಕ್ಕೆ ಬಿಗಿದಿದ್ದೆವು. ಮೊದಲ ತಂತಿಗೆ ರಾಡ್ ಸಿಕ್ಕಿಸಿದ, ಏನೂ ಆಗಲಿಲ್ಲ. ಎರಡನೆಯದಕ್ಕೂ ಏನೂ ಇಲ್ಲ. ಮೂರನೆಯದರ ಹತ್ತಿರ ಒಯ್ದ ಕೂಡಲೇ ಸಿಡಿಲು ಹೊಡೆದ ಹಾಗೆ ಸದ್ದು, ನೀಲಿ ಬೆಳಕು. ಅವನು ಬೆಲ್ಟಿನಲ್ಲಿ ನೇತಾಡುತ್ತಿದ್ದ. "ಅಣ್ಣ, ಕಣ್ಣು ಕಾಣುವುದಿಲ್ಲ" ಅಂತ ಕೂಗಿದ್ದು ಈಗಲೂ ನನ್ನ ಕಿವಿಯಲ್ಲಿದೆ.

ಕರೆಂಟ್ ನೆಲಕ್ಕೆ ಇಳಿದು ಫೀಡರ್ (ಸಬ್‌ಸ್ಟೇಷನ್ನಿನಿಂದ ಬರುವ ಲೈನ್) ಟ್ರಿಪ್ ಆಗಿ ತಾನೇ ಆಫ್ ಆಗಿತ್ತು. ಬಲಗೆನ್ನೆ ಸುಟ್ಟಿತ್ತು, ಎರಡು ದಿನ ಕಣ್ಣು ಬಿಡಲು ಆಗಲಿಲ್ಲ. ಈಗ ಹುಷಾರಾಗಿದ್ದಾನೆ. ಅರ್ತ್ ಹಾಕದೆ ನೇರ ತಂತಿಗೆ ಕೈ ಕೊಟ್ಟಿದ್ದರೆ ಅವನು ಇವತ್ತು ಇರುತ್ತಿರಲಿಲ್ಲ. 11 ಕೆವಿ ಲೈನಿನ ಒಂದೇ ತಂತಿಗೂ ನೆಲಕ್ಕೂ ಮಧ್ಯೆ ಸುಮಾರು 6,350 ವೋಲ್ಟ್ ಇರುತ್ತದೆ.

ಆಮೇಲೆ ನೋಡಿದರೆ ಎಬಿ ಸ್ವಿಚ್ಚಿನ ಮೂರು ಬ್ಲೇಡಿನಲ್ಲಿ ಒಂದು ತುಕ್ಕಿಗೆ ಕಚ್ಚಿಕೊಂಡು ಬಿಟ್ಟಿರಲೇ ಇಲ್ಲ. ಹಿಡಿ ಮಾತ್ರ ಕೆಳಗೆ ಬಂದಿತ್ತು. ತಲೆ ಎತ್ತಿ ಮೂರೂ ಬ್ಲೇಡ್ ಬಾಯಿ ಬಿಟ್ಟಿದೆಯಾ ಅಂತ ನೋಡಿದ್ದರೆ ಕೆಳಗಿನಿಂದಲೇ ಕಾಣುತ್ತಿತ್ತು.

ಆದರೆ ಡಿಟೆಕ್ಟರ್ ಯಾಕೆ ಸುಮ್ಮನಿತ್ತು? ಮರುದಿನ ಅದರ ತಲೆ ಬಿಚ್ಚಿದೆ. ತಂತಿಗೆ ತಾಗುವ ಕೊಕ್ಕೆಯ ಮರೆಯಲ್ಲಿ ಹಸಿರು ಕಿಲುಬು ಹಿಡಿದಿತ್ತು. ಕೊಕ್ಕೆಯಿಂದ ಒಳಗೆ ಹೋಗುವ ಕೂದಲಿನಷ್ಟು ಸಣ್ಣ ವೈರಿನ ಬೆಸುಗೆ ಬಿಟ್ಟುಹೋಗಿತ್ತು. ಹಿಂದಿನ ಮಳೆಗಾಲದಲ್ಲಿ ಒದ್ದೆಯಾದದ್ದನ್ನು ಒರೆಸದೆ ಜೀಪಿನಲ್ಲಿ ಬಿಸಾಡಿದ್ದೆವಲ್ಲ, ಅದರ ಫಲ. ಆ ಸ್ಥಿತಿಯಲ್ಲೂ ಬಟನ್ ಒತ್ತಿದರೆ ಬೀಪ್ ಬೀಪ್! ನಮ್ಮ ಡಿಟೆಕ್ಟರಿನ ಬಟನ್ ನೋಡುತ್ತಿದ್ದದ್ದು ಬ್ಯಾಟರಿ, ದೀಪ, ಬಜರ್ ಅಷ್ಟೇ. ಕೊಕ್ಕೆಗೆ ಕರೆಂಟ್ ಗೊತ್ತಾಗುತ್ತದೋ ಇಲ್ಲವೋ ಎಂಬುದು ಅದರಲ್ಲಿ ಸೇರಿರಲಿಲ್ಲ. ಎಷ್ಟು ವರ್ಷ ಆ ಬೀಪ್ ನಂಬಿ ಕಂಬ ಹತ್ತಿದ್ದೇವೆ ಎಂದು ನೆನೆದರೆ ಕೈ ನಡುಗುತ್ತದೆ.

ಹಾಗಾಗಿ ಡಿಟೆಕ್ಟರನ್ನು ಮೊದಲು ಕರೆಂಟ್ ಇದೆ ಎಂದು ಖಂಡಿತ ಗೊತ್ತಿರುವ ಕಡೆ ಹಿಡಿಯಿರಿ. ಎಬಿ ಸ್ವಿಚ್ ಇರುವ ಕಂಬದಲ್ಲೇ ಸಪ್ಲೈ ಬರುವ ಬದಿ ಚಾಲೂ ಇರುತ್ತದಲ್ವಾ, ಅಲ್ಲಿ ಕೂಗಬೇಕು. ಆಮೇಲೆ ಕೆಲಸದ ಲೈನಿಗೆ, ಮೂರೂ ತಂತಿಗೆ. ಅದು ಮುಗಿದ ಮೇಲೆ ಮತ್ತೆ ಚಾಲೂ ಬದಿಗೆ ಹಿಡಿಯಿರಿ. ಈ ಕೊನೆಯದನ್ನು ಎಲ್ಲರೂ ಬಿಡುತ್ತಾರೆ. ನಡುವೆ ಬ್ಯಾಟರಿ ಸತ್ತಿದ್ದರೆ, ವೈರ್ ಬಿಟ್ಟಿದ್ದರೆ ಅಲ್ಲೇ ಗೊತ್ತಾಗುವುದು. ಇದೆಲ್ಲ 11 ಕೆವಿ ಕೋಲಿನಲ್ಲಿ, 11 ಕೆವಿ ಗ್ಲೌಸ್ ಹಾಕಿಕೊಂಡು. ಡಿಟೆಕ್ಟರಿನ ಮೇಲೆ ಬರೆದ ವೋಲ್ಟೇಜ್ ನಿಮ್ಮ ಲೈನಿಗೆ ಸರಿಹೊಂದುತ್ತದಾ ನೋಡಿ. ಅಂಗಡಿಯಲ್ಲಿ ಸಿಗುವ ಪೆನ್ ಟೆಸ್ಟರ್ ಮನೆಯ ವೈರಿಂಗಿಗೆ ಮಾತ್ರ. ಅದನ್ನು ಹಿಡಿದು 11 ಕೆವಿ ಹತ್ತಿರ ಹೋಗುವುದು ಸಾವನ್ನು ಕರೆದ ಹಾಗೆ.

ಎಲ್ಲ ಸರಿ ಇದ್ದರೂ ಅರ್ತ್ ಬಿಡಬೇಡಿ. ಕೆಲಸದ ಜಾಗದ ಎರಡೂ ಕಡೆ ಹಾಕಿ. ಯಾರದೋ ಮನೆಯ ಜನರೇಟರನ್ನು ತಪ್ಪಾಗಿ ಲೈನಿಗೆ ಕೊಟ್ಟಿದ್ದರೆ ಮನೆಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರೇ ಆ 230 ವೋಲ್ಟನ್ನು ತಿರುಗಿಸಿ ಸುಮಾರು 11,000ಕ್ಕೆ ಏರಿಸಿ ಲೈನಿಗೆ ಕಳಿಸುತ್ತದೆ. ಹಾಕುವಾಗ ನೆಲದ ತುದಿ ಮೊದಲು, ತೆಗೆಯುವಾಗ ಅದು ಕೊನೆಗೆ.

ತೋಟದವರಿಗೂ ಒಂದು ಮಾತು. ಅಲ್ಯೂಮಿನಿಯಂ ದೋಟಿಯ ಭಯ ಎಲ್ಲರಿಗೂ ಇದೆ. ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟ್ ಹರಿಯುತ್ತದೆ, ಅದು ಸೇಫ್ ಎಂದು ಅಂಗಡಿಯವರು ಹೇಳಿದರೂ ನಂಬಬೇಡಿ. ಲೈನಿನ ಕೆಳಗಿನ ಮರದ ಕೊಯ್ಲಿಗೆ, ಮದ್ದು ಬಿಡುವುದಕ್ಕೆ ಮೊದಲು ಕಚೇರಿಗೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿ.

ಆ ಹುಡುಗ ಈಗ ಮತ್ತೆ ಕೆಲಸಕ್ಕೆ ಬರುತ್ತಿದ್ದಾನೆ. ಚಾಲೂ ಬದಿಗೆ ಡಿಟೆಕ್ಟರ್ ಹಿಡಿದು ಅದು ಕೂಗುವುದನ್ನು ಕಿವಿಯಾರೆ ಕೇಳದೆ ಬೆಲ್ಟಿಗೆ ಕೈ ಹಾಕುವುದಿಲ್ಲ. ನಾನು ಎಷ್ಟು ಅವಸರ ಮಾಡಿದರೂ ಅಷ್ಟೇ.